ವಿಂಡೋ ಹ್ಯಾಂಗ್ ಆಗದಿರಲು: ಟೈಮರೋ, ಥ್ರೆಡ್ಡೋ, ಬೇರೆ ಪ್ರೊಸೆಸ್ಸೋ?

ಗೆಳೆಯನೊಬ್ಬನ ಡಿಟಿಪಿ ಅಂಗಡಿಗೆ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಅವನ ಹತ್ತಿರ ಹದಿನೈದಿಪ್ಪತ್ತು ವರ್ಷಗಳ ವರ್ಡ್ ಫೈಲುಗಳು ಬಿದ್ದಿದ್ದವು. ಎಲ್ಲವೂ ನುಡಿ ತಂತ್ರಾಂಶದ ಹಳೆಯ ಎನ್‌ಕೋಡಿಂಗ್‌ನಲ್ಲಿ. ಅವನ್ನು ಯೂನಿಕೋಡ್‌ಗೆ ತರಬೇಕಿತ್ತು. ಪೈಥಾನ್ ಮತ್ತು ಪೈಸೈಡ್ 6 (ವಿಂಡೋ, ಬಟನ್ ಕಟ್ಟಿಕೊಡುವ ಕ್ಯೂಟಿ ಅನ್ನುವ ಲೈಬ್ರರಿಯನ್ನು ಪೈಥಾನ್‌ನಿಂದ ಬಳಸುವ ಸೇತುವೆ) ಇಟ್ಟುಕೊಂಡು ಒಂದು ವಿಂಡೋ ಮಾಡಿದೆ. ಫೋಲ್ಡರ್ ಆರಿಸಬೇಕು, ‘ಶುರು’ ಬಟನ್ ಒತ್ತಬೇಕು, ಅಷ್ಟೇ.

ನನ್ನ ಲ್ಯಾಪ್‌ಟಾಪಿನಲ್ಲಿ ಹತ್ತು ಫೈಲಿಗೆ ಸಲೀಸಾಗಿ ಓಡಿತು. ಅಂಗಡಿಯಲ್ಲಿದ್ದದ್ದು ಮೂರು ಸಾವಿರ ಚಿಲ್ಲರೆ ಫೈಲು. ಬಟನ್ ಒತ್ತಿದ ಸ್ವಲ್ಪ ಹೊತ್ತಿಗೆ ವಿಂಡೋ ಬಿಳಿಚಿಕೊಂಡಿತು. ಮೇಲೆ ‘ನಾಟ್ ರೆಸ್ಪಾಂಡಿಂಗ್’ ಅಂತ ಬಂತು. “ಏನ್ ಗುರು, ಸತ್ತೋಯ್ತಾ?” ಅಂದ ಗೆಳೆಯ. ಸತ್ತಿರಲಿಲ್ಲ. ಒಳಗೆ ಫೈಲುಗಳು ಒಂದೊಂದಾಗಿ ಬದಲಾಗುತ್ತಲೇ ಇದ್ದವು. ಆದರೆ ಅದು ಅವನಿಗೆ ಹೇಗೆ ಗೊತ್ತಾಗಬೇಕು? ಟಾಸ್ಕ್ ಮ್ಯಾನೇಜರ್ ತೆಗೆದು ಕೊಂದೇಬಿಟ್ಟ. ಆ ಗಳಿಗೆಯಲ್ಲಿ ಅರ್ಧ ಬರೆದಿದ್ದ ಒಂದು ಫೈಲು ಹಾಳಾಯಿತು. ಅದಕ್ಕೆ ಬ್ಯಾಕಪ್ ಇರಲಿಲ್ಲ. ತಪ್ಪು ನನ್ನದೇ.

ಆಮೇಲಿನ ಎರಡು ವಾರ ನಾನು ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿದೆ. ಯಾವುದು ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳೆಲ್ಲ ಕ್ಯೂಟಿ ಲೋಕದವು. ಅದನ್ನು ‘ಕ್ಯೂಟ್’ ಅನ್ನಬೇಕು ಅಂತ ಅದನ್ನು ಮಾಡಿದವರೇ ಹೇಳುತ್ತಾರೆ, ಆದರೆ ನಮ್ಮ ಕಡೆ ಯಾರೂ ಹಾಗೆ ಅನ್ನುವುದನ್ನು ನಾನು ಕೇಳಿಲ್ಲ.

ವಿಂಡೋ ಯಾಕೆ ನಿಂತುಹೋಗುತ್ತದೆ

ದರ್ಶಿನಿಯಲ್ಲಿ ಟೋಕನ್ ಕೊಡುವವನನ್ನು ನೆನೆಸಿಕೊಳ್ಳಿ. ಅವನ ಕೆಲಸ ಒಂದೇ: ಬಂದವರ ಮಾತು ಕೇಳು, ಟೋಕನ್ ಹರಿದುಕೊಡು, ಮುಂದಿನವರನ್ನು ನೋಡು. ಅವನೇ ಎದ್ದು ಒಳಗೆ ಹೋಗಿ ಹಿಟ್ಟು ರುಬ್ಬಲು ಕೂತರೆ ಕೌಂಟರ್ ಮುಂದೆ ಸಾಲು ಬೆಳೆಯುತ್ತದೆ. ಡೆಸ್ಕ್‌ಟಾಪ್ ಪ್ರೋಗ್ರಾಂನ ಇವೆಂಟ್ ಲೂಪ್ ಇಂಥದ್ದೇ ಒಬ್ಬ ಮನುಷ್ಯ. ಮೌಸ್ ಕ್ಲಿಕ್, ಕೀಬೋರ್ಡ್, ವಿಂಡೋವನ್ನು ಮತ್ತೆ ಬಿಡಿಸುವುದು, ಎಲ್ಲವೂ ಅವನ ಕೈಯಿಂದಲೇ ಆಗಬೇಕು. ನೀವು ಬಟನ್ನಿನ ಫಂಕ್ಷನ್ ಒಳಗೆ ಮೂರು ಸಾವಿರ ಫೈಲಿನ ಲೂಪ್ ಹಾಕಿದರೆ ಅವನನ್ನು ರುಬ್ಬಲು ಕಳಿಸಿದಂತೆ.

ವಿಂಡೋಸ್ 5 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಪ್ರೋಗ್ರಾಂ ತನ್ನ ಮೆಸೇಜುಗಳನ್ನು ತೆಗೆದುಕೊಳ್ಳದಿದ್ದರೆ ಅದು ಹ್ಯಾಂಗ್ ಆಗಿದೆ ಅಂತ ತೀರ್ಮಾನಿಸುತ್ತದೆ. ಆ ಬಿಳಿಚಿಕೊಂಡ ವಿಂಡೋ ನಿಮ್ಮದಲ್ಲ, ಅದರ ಜಾಗದಲ್ಲಿ ವಿಂಡೋಸ್ ನಿಲ್ಲಿಸಿದ ಬೊಂಬೆ. ಮನುಷ್ಯರು 5 ಸೆಕೆಂಡ್ ಕೂಡ ಕಾಯುವುದಿಲ್ಲ. ಬಳಕೆಯ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ನಡೆಯುತ್ತಿದೆ: 0.1 ಸೆಕೆಂಡಿನೊಳಗೆ ಆದರೆ ತಕ್ಷಣ ಆಯಿತು ಅನ್ನಿಸುತ್ತದೆ, 1 ಸೆಕೆಂಡ್ ದಾಟಿದರೆ ಯೋಚನೆಯ ಓಟ ತಪ್ಪುತ್ತದೆ, 10 ಸೆಕೆಂಡ್ ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ.

ಮೊದಲು ಇದನ್ನು ಕೇಳಿಕೊಳ್ಳಿ: ಕಾಯುತ್ತಿದೆಯೋ, ರುಬ್ಬುತ್ತಿದೆಯೋ?

ಬಹಳಷ್ಟು ಜನ ನೇರವಾಗಿ ‘ಥ್ರೆಡ್ ಹಾಕು’, ಅಂದರೆ ಅದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಇನ್ನೊಂದು ಎಳೆಗೆ ಕೆಲಸ ಕೊಡು, ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಯಾವ ದಾರಿ ಅನ್ನುವುದು ಕೆಲಸದ ಸ್ವಭಾವದ ಮೇಲೆ ನಿಂತಿದೆ. ನೆಟ್‌ವರ್ಕ್‌ನಿಂದ ಉತ್ತರ ಬರಲಿ ಅಂತ ಕೂತಿರುವುದು, ಡಿಸ್ಕಿನಿಂದ ಫೈಲು ಬರಲಿ ಅಂತ ಕೂತಿರುವುದು, ಇನ್ನೊಂದು ಪ್ರೋಗ್ರಾಂ ಮುಗಿಸಲಿ ಅಂತ ಕೂತಿರುವುದು ಕಾಯುವ ಕೆಲಸ. ಪ್ರೊಸೆಸರ್ ಸುಮ್ನೆ ಇರುತ್ತದೆ. ಅಕ್ಷರ ಅಕ್ಷರ ನೋಡಿ ಬದಲಾಯಿಸುವುದು, ಲೆಕ್ಕ ಹಾಕುವುದು ರುಬ್ಬುವ ಕೆಲಸ.

ನನ್ನ ಪ್ರೋಗ್ರಾಂನಲ್ಲಿ ಎರಡೂ ಇದ್ದವು. ಹಳೆಯ ಡಾಕ್ ಫೈಲನ್ನು ಡಾಕ್ಸ್ ಮಾಡಲು ಲಿಬ್ರೆಆಫೀಸನ್ನು ವಿಂಡೋ ಇಲ್ಲದ ರೀತಿಯಲ್ಲಿ ಓಡಿಸುತ್ತಿದ್ದೆ. ಅದು ಕಾಯುವ ಕೆಲಸ. ಆಮೇಲೆ ಡಾಕ್ಸ್ ತೆರೆದು, ಯಾವ ತುಣುಕು ನುಡಿ ಫಾಂಟಿನಲ್ಲಿದೆ, ಯಾವುದು ಇಂಗ್ಲಿಷ್ ಅಂತ ನೋಡಿ, ನುಡಿಯದ್ದನ್ನು ಮಾತ್ರ ಬದಲಾಯಿಸಬೇಕು. ಅದು ಅಪ್ಪಟ ರುಬ್ಬುವ ಕೆಲಸ. ‘ಧರ್ಮ’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ‘ಮ’ದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ‘ರ’ ಮತ್ತು ಅದರ ಹಲಂತ ‘ಮ’ಕ್ಕಿಂತ ಮೊದಲು ಬರಬೇಕು. ಅರ್ಕಾವತ್ತು ಸಿಕ್ಕ ತಕ್ಷಣ ಹಿಂದಕ್ಕೆ ಹೋಗಿ, ಆ ಅಕ್ಷರ ಎಲ್ಲಿ ಶುರುವಾಯಿತು ಅಂತ ಹುಡುಕಿ, ಅಲ್ಲಿ ತೂರಿಸಬೇಕು. ಒತ್ತಕ್ಷರ ಇದ್ದರೆ ಇನ್ನೂ ಹಿಂದೆ. ಶುದ್ಧ ಪೈಥಾನ್‌ನಲ್ಲಿ ಇದು ನಿಧಾನ.

ಪ್ರೊಸೆಸ್‌ಇವೆಂಟ್ಸ್: ಬೇಗ ಸಿಗುವ ಮದ್ದು

ಹುಡುಕಿದರೆ ಮೊದಲು ಸಿಗುವ ಸಲಹೆ ಇದೇ. ಲೂಪಿನ ಒಳಗೆ ಆಗಾಗ ಪ್ರೊಸೆಸ್‌ಇವೆಂಟ್ಸ್ ಕರೆಯಿರಿ, ಅದು ಕಾದಿರುವ ಕ್ಲಿಕ್ಕು, ಕೀಲಿಗಳನ್ನು ಅಲ್ಲೇ ಮುಗಿಸಿ ವಾಪಸ್ ಬರುತ್ತದೆ, ವಿಂಡೋ ಉಸಿರಾಡುತ್ತದೆ. ಒಂದೇ ಸಾಲು. ನಾನೂ ಹಾಕಿದೆ. ವಿಂಡೋ ಚೆನ್ನಾಗಿ ಓಡಾಡಿತು.

ಅಂಗಡಿಯ ಆಪರೇಟರ್ ಹುಡುಗಿ ‘ಶುರು’ ಬಟನ್ನನ್ನು ಇನ್ನೊಮ್ಮೆ ಒತ್ತಿದಳು. ಯಾಕೆ ಒತ್ತಬಾರದು? ಬಟನ್ ಒತ್ತುವಂತೆ ಕಾಣುತ್ತಿತ್ತು. ಆಗ ಮೊದಲ ಲೂಪ್ ಅರ್ಧಕ್ಕೆ ನಿಂತು, ಅದರ ಹೊಟ್ಟೆಯೊಳಗೆ ಎರಡನೇ ಲೂಪ್ ಮೊದಲಿಂದ ಶುರುವಾಯಿತು. ಎರಡನೆಯದು ಮುಗಿಯುವವರೆಗೆ ಮೊದಲನೆಯದು ಮುಂದೆ ಹೋಗುವುದಿಲ್ಲ. ಆಗಲೇ ಯೂನಿಕೋಡ್ ಆಗಿದ್ದ ಫೈಲುಗಳನ್ನು ಮತ್ತೆ ಪರಿವರ್ತಿಸಲು ಹೊರಟಿತು ಪ್ರೋಗ್ರಾಂ. ಬಟನ್ ಡಿಸೇಬಲ್ ಮಾಡಿದರೆ ಆಯಿತಲ್ಲ ಅನ್ನಬಹುದು. ಆದರೆ ಮೆನು ಇದೆ, ಶಾರ್ಟ್‌ಕಟ್ ಇದೆ, ವಿಂಡೋ ಮುಚ್ಚುವ ಗುರುತು ಇದೆ. ಒಂದೊಂದು ಬಾಗಿಲನ್ನೂ ನೀವೇ ಹುಡುಕಿ ಮುಚ್ಚಬೇಕು.

ಸ್ಪ್ಲ್ಯಾಶ್ ಸ್ಕ್ರೀನ್ ತೋರಿಸುವಾಗ ಒಂದೆರಡು ಸಲ ಕರೆದರೆ ತೊಂದರೆ ಇಲ್ಲ. ಅದು ಬಿಟ್ಟು ಬೇರೆಲ್ಲೂ ನಾನು ಇದನ್ನು ಬಳಸುವುದಿಲ್ಲ. ಸಿ ಶಾರ್ಪ್‌ನ ವಿನ್‌ಫಾರ್ಮ್ಸ್‌ನಲ್ಲಿ ಬರೆಯುವವರಿಗೆ: ನಿಮ್ಮ ಡುಇವೆಂಟ್ಸ್‌ಗೂ ಇದೇ ಕಾಯಿಲೆ.

ಟೈಮರ್: ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ದಾರಿ

ನನಗೆ ಇದರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ. ದೊಡ್ಡ ಕೆಲಸವನ್ನು ತುಂಡು ಮಾಡಿ. ಕ್ಯೂಟೈಮರ್‌ನ ಸಮಯ 0 ಅಂತ ಇಡಿ. ಇವೆಂಟ್ ಲೂಪ್ ತನ್ನ ಕೆಲಸ ಮುಗಿಸಿದಾಗಲೆಲ್ಲ ನಿಮ್ಮ ಫಂಕ್ಷನ್ನನ್ನು ಕರೆಯುತ್ತದೆ. ನೀವು ಒಂದು ತುಂಡು ಮಾಡಿ ವಾಪಸ್ ಬರಬೇಕು. ಪೈಥಾನ್ ಜನರೇಟರ್ ಇದ್ದರಂತೂ ಇನ್ನೂ ಸುಲಭ. ಲೂಪಿನ ಮಧ್ಯೆ ಯೀಲ್ಡ್ ಬರೆದರೆ, ಮುಂದಿನ ಸಲ ಅಲ್ಲಿಂದಲೇ ಮುಂದುವರಿಯುತ್ತದೆ.

ಒಂದು ತುಂಡು ಎಷ್ಟು ಹೊತ್ತು ಇರಬಹುದು? 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗುವುದು 16.7 ಮಿಲಿಸೆಕೆಂಡ್. ನಾನು 10 ಮಿಲಿಸೆಕೆಂಡ್ ಆದ ತಕ್ಷಣ ವಾಪಸ್ ಬರುತ್ತೇನೆ. ಫೈಲುಗಳ ಎಣಿಕೆ ಇಟ್ಟುಕೊಳ್ಳಬೇಡಿ, ಗಡಿಯಾರ ನೋಡಿ. ಒಂದು ಫೈಲು 2 ಪುಟ ಇರುತ್ತದೆ, ಇನ್ನೊಂದು 400 ಪುಟದ ಪಿಎಚ್‌ಡಿ ಪ್ರಬಂಧ.

ಇಲ್ಲಿ ಥ್ರೆಡ್ ಇಲ್ಲ, ಲಾಕ್ ಇಲ್ಲ, ಎರಡು ಕಡೆಯಿಂದ ಒಂದೇ ಡೇಟಾ ಮುಟ್ಟುವ ಭಯ ಇಲ್ಲ. ಪ್ರೋಗ್ರೆಸ್ ಬಾರನ್ನು ನೇರವಾಗಿ ಮುಂದೆ ತಳ್ಳಬಹುದು. ರದ್ದು ಮಾಡುವುದು ಅಂದರೆ ಟೈಮರ್ ನಿಲ್ಲಿಸುವುದು, ಮುಗಿಯಿತು. ಟಿಕಿಂಟರ್‌ನಲ್ಲಿ ಇದಕ್ಕೆ ‘ಆಫ್ಟರ್’ ಇದೆ.

ಕೈ ಕೊಡುವುದು ಎಲ್ಲಿ ಅಂದರೆ, ಕೆಲಸ ತುಂಡಾಗದಿದ್ದಾಗ. ಡಾಕ್ಸ್ ಓದುವ ಲೈಬ್ರರಿಗೆ ದೊಡ್ಡ ಫೈಲು ಕೊಟ್ಟರೆ ಅದು ತೆರೆದು ಮುಗಿಸುವವರೆಗೆ ವಾಪಸ್ ಬರುವುದಿಲ್ಲ. ಅದರ ಮಧ್ಯೆ ನಾನು ಯೀಲ್ಡ್ ಹಾಕಲಾರೆ. 400 ಪುಟದ ಪ್ರಬಂಧ ಬಂದಾಗಲೆಲ್ಲ ವಿಂಡೋ ತಡವರಿಸುತ್ತಿತ್ತು. ಜೊತೆಗೆ ಎಂಟು ಕೋರ್ ಇರುವ ಮಷಿನ್‌ನಲ್ಲೂ ಒಂದೇ ಕೋರ್ ದುಡಿಯುತ್ತದೆ.

ಥ್ರೆಡ್: ಎಲ್ಲರೂ ಹೇಳುವ ದಾರಿ, ಎಲ್ಲರೂ ಹೇಳದ ಮಾತು

ಕ್ಯೂಟಿಯಲ್ಲಿ ಒಂದು ವರ್ಕರ್ ವಸ್ತು ಮಾಡಿ, ಅದನ್ನು ಮೂವ್‌ಟುಥ್ರೆಡ್ ಮೂಲಕ ಕ್ಯೂಥ್ರೆಡ್‌ಗೆ ಸಾಗಿಸಿ, ಸಿಗ್ನಲ್ (‘ಇದು ಆಯಿತು’ ಅಂತ ಕ್ಯೂಟಿಯ ವಸ್ತುಗಳು ಒಂದಕ್ಕೊಂದು ಕಳಿಸುವ ಸುದ್ದಿ) ಮೂಲಕ ಮಾತಾಡುವುದು ರೂಢಿ. ಎರಡು ಥ್ರೆಡ್ಡುಗಳ ನಡುವೆ ಸಿಗ್ನಲ್ ಹೋದರೆ ಕ್ಯೂಟಿ ತಾನೇ ಅದನ್ನು ಸರದಿಯಲ್ಲಿ ಇಡುತ್ತದೆ. ಮುಖ್ಯ ಥ್ರೆಡ್ ತನ್ನ ಬಿಡುವಿನಲ್ಲಿ ಎತ್ತಿಕೊಳ್ಳುತ್ತದೆ. ಈ ಏರ್ಪಾಡು ನಿಜಕ್ಕೂ ಸೊಗಸಾಗಿದೆ.

ಎಡವುವ ಜಾಗಗಳೂ ಇವೆ. ವರ್ಕರ್‌ಗೆ ಪೇರೆಂಟ್ ಕೊಟ್ಟಿದ್ದರೆ ಅದು ಬೇರೆ ಥ್ರೆಡ್‌ಗೆ ಹೋಗುವುದಿಲ್ಲ. ಸಾಗಿಸಿದ ಮೇಲೆ ಅದರ ಫಂಕ್ಷನ್ನನ್ನು ನೇರವಾಗಿ ಕರೆದರೆ ಅದು ಕರೆದವರ ಥ್ರೆಡ್‌ನಲ್ಲೇ ಓಡುತ್ತದೆ. ಥ್ರೆಡ್ ಹಾಕಿದರೂ ಹ್ಯಾಂಗ್ ಆಗುತ್ತಿದೆ ಅಂತ ಗೋಳಾಡುವವರು ಮೊದಲು ಇದನ್ನು ನೋಡಿ, ಸಿಗ್ನಲ್‌ನಿಂದಲೇ ಶುರು ಮಾಡಿ. ಥ್ರೆಡ್ಡನ್ನು ಫಂಕ್ಷನ್ ಒಳಗಿನ ವೇರಿಯಬಲ್‌ನಲ್ಲಿ ಮಾತ್ರ ಇಟ್ಟರೆ ಪೈಥಾನ್ ಅದನ್ನು ಕಸ ಅಂತ ಗುಡಿಸಿಬಿಡುತ್ತದೆ. ಓಡುತ್ತಿರುವಾಗಲೇ ನಾಶವಾಯಿತು ಅಂತ ಬೈದು ಪ್ರೋಗ್ರಾಂ ಸಾಯುತ್ತದೆ. ಇನ್ನು ವರ್ಕರ್ ಒಳಗಿಂದ ಲೇಬಲ್ ಮುಟ್ಟುವುದು, ಬಟನ್ ಬದಲಾಯಿಸುವುದು ಬೇಡವೇ ಬೇಡ. ಹತ್ತು ಸಲ ನಡೆದು ಹನ್ನೊಂದನೇ ಸಲ ಕುಸಿಯುವ ತಪ್ಪು ಅದು. ಎಸ್‌ಕ್ಯೂಲೈಟ್ ಬಳಸುತ್ತಿದ್ದರೆ ಕನೆಕ್ಷನ್ನನ್ನು ಕೆಲಸ ಮಾಡುವ ಥ್ರೆಡ್‌ನಲ್ಲೇ ತೆರೆಯಿರಿ. ಇಲ್ಲಿ ತೆರೆದದ್ದನ್ನು ಅಲ್ಲಿ ಬಳಸಲು ಪೈಥಾನ್ ತಾನಾಗಿ ಬಿಡುವುದಿಲ್ಲ.

ಈಗ ಎಲ್ಲರೂ ಹೇಳದ ಮಾತು. ಪೈಥಾನ್‌ನಲ್ಲಿ ಜಿಐಎಲ್ ಅನ್ನುವ ಒಂದು ಬೀಗ ಇದೆ. ಎಷ್ಟೇ ಥ್ರೆಡ್ ಇರಲಿ, ಒಂದು ಹೊತ್ತಿಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಬಹುದು. ಅಡುಗೆಮನೆಯಲ್ಲಿ ನಾಲ್ಕು ಜನ, ಒರಳು ಒಂದೇ. ಬೀಗ ಬೇಕು ಅಂತ ಇನ್ನೊಂದು ಥ್ರೆಡ್ ಕೇಳಿದರೆ, ಹಿಡಿದವನು ಸಾಮಾನ್ಯವಾಗಿ 5 ಮಿಲಿಸೆಕೆಂಡ್ ಆದ ಮೇಲೆ ಬಿಟ್ಟುಕೊಡುತ್ತಾನೆ. 5 ಮಿಲಿಸೆಕೆಂಡ್ ಏನು ಮಹಾ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ನನ್ನ ವಿಂಡೋದಲ್ಲಿ ಫೈಲುಗಳ ಟೇಬಲ್ ಇತ್ತು. ಮೂರು ಕಾಲಂ, ಪರದೆ ಮೇಲೆ ಒಂದು ಮೂವತ್ತು ಸಾಲು. ಅದರ ಮಾಡೆಲ್ಲನ್ನು, ಅಂದರೆ ಟೇಬಲ್‌ಗೆ ಡೇಟಾ ಒದಗಿಸುವ ಭಾಗವನ್ನು, ಪೈಥಾನ್‌ನಲ್ಲೇ ಬರೆದಿದ್ದೆ. ಟೇಬಲ್ ಬಿಡಿಸುವಾಗ ಕ್ಯೂಟಿ ಪ್ರತಿ ಮನೆಗೂ ‘ಏನು ಬರೆಯಲಿ? ಯಾವ ಬಣ್ಣ? ಯಾವ ಫಾಂಟು? ಎಡಕ್ಕೋ ಬಲಕ್ಕೋ?’ ಅಂತ ಏಳೆಂಟು ಸಲ ಕೇಳುತ್ತದೆ. ತೊಂಬತ್ತು ಮನೆ, ಏಳು ಪ್ರಶ್ನೆ: 630 ಕರೆ. ಪ್ರತಿ ಕರೆಗೂ ಬೀಗ ಬೇಕು. ಉತ್ತರ ಕೊಟ್ಟ ತಕ್ಷಣ ಬೀಗ ಕೈಬಿಡುತ್ತದೆ, ಆ ಕಡೆ ರುಬ್ಬುತ್ತಿರುವ ಥ್ರೆಡ್ ಕಸಿದುಕೊಳ್ಳುತ್ತದೆ. ತೀರಾ ಕೆಟ್ಟ ಸ್ಥಿತಿಯಲ್ಲಿ 630ನ್ನು 5ರಿಂದ ಗುಣಿಸಿ. ಒಂದು ಸಲ ಟೇಬಲ್ ಬಿಡಿಸಲು ಮೂರು ಸೆಕೆಂಡು! ನನ್ನದು ಅಷ್ಟು ಕೆಟ್ಟಿರಲಿಲ್ಲ. ಆದರೂ ಸ್ಕ್ರಾಲ್ ಮಾಡಿದರೆ ಎತ್ತಿನ ಗಾಡಿಯಂತೆ ಸಾಗುತ್ತಿತ್ತು. ‘ನಾಟ್ ರೆಸ್ಪಾಂಡಿಂಗ್’ ಬರಲಿಲ್ಲ, ಆದರೆ ಬಳಸಲು ಮನಸ್ಸೂ ಬರಲಿಲ್ಲ.

ಹಾಗಂತ ಥ್ರೆಡ್ ದಂಡ ಅಲ್ಲ. ಕಾಯುವ ಕೆಲಸದಲ್ಲಿ ಥ್ರೆಡ್ ಬೀಗವನ್ನು ಬಿಟ್ಟೇ ಕಾಯುತ್ತದೆ. ನಂಪೈ ಅನ್ನುವ ಲೆಕ್ಕದ ಲೈಬ್ರರಿಯ ದೊಡ್ಡ ಲೆಕ್ಕಗಳು, ಜಿಪ್ ಮಾಡುವುದು, ದೊಡ್ಡ ಡೇಟಾದ ಹ್ಯಾಶ್ ತೆಗೆಯುವುದು, ಇವುಗಳ ನಿಜವಾದ ಕೆಲಸ ನಡೆಯುವುದು ಸಿ ಭಾಷೆಯಲ್ಲಿ. ಅಲ್ಲೂ ಬೀಗ ಬಿಡುತ್ತಾರೆ. ಅಂಥ ಕೆಲಸಕ್ಕೆ ಥ್ರೆಡ್ಡೇ ಸರಿ. ಸಣ್ಣ ಸಣ್ಣ ಕೆಲಸ ಬಹಳ ಇದ್ದರೆ ಕ್ಯೂಥ್ರೆಡ್‌ಪೂಲ್ ಇನ್ನೂ ಹಗುರ. ನೀವು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯುತ್ತಿದ್ದರೆ ಈ ಬೀಗದ ಕಥೆಯೇ ನಿಮಗೆ ಬೇಡ. ಸಿ ಶಾರ್ಪ್‌ನವರಿಗೂ ಬೇಡ. ಅವರಿಗೆ 2005ರಲ್ಲೇ ಬ್ಯಾಕ್‌ಗ್ರೌಂಡ್‌ವರ್ಕರ್ ಬಂತು, 2012ರಲ್ಲಿ ಅಸಿಂಕ್ ಅವೇಟ್ ಬಂತು. ಕಾಯುವುದಕ್ಕೆ ಅವೇಟ್, ರುಬ್ಬುವುದಕ್ಕೆ ಟಾಸ್ಕ್‌ರನ್. ಹೊಸದಾಗಿ ಬರೆಯುವಾಗ ಬ್ಯಾಕ್‌ಗ್ರೌಂಡ್‌ವರ್ಕರ್ ಹಿಡಿಯಲು ನನಗಂತೂ ಕಾರಣ ಕಾಣುವುದಿಲ್ಲ.

ಬೀಗವೇ ಇಲ್ಲದ ಪೈಥಾನ್ ಕೂಡ ಬಂದಿದೆ. 2024ರ 3.13ರಲ್ಲಿ ಪ್ರಯೋಗವಾಗಿ, 2025ರ 3.14ರಲ್ಲಿ ಅಧಿಕೃತವಾಗಿ. ಆದರೆ ಅದು ಇನ್ನೂ ಬೇರೆಯೇ ಬಿಲ್ಡ್. ನೀವು ಬಳಸುವ ಲೈಬ್ರರಿಗಳೆಲ್ಲ ಅದಕ್ಕೆ ಒಗ್ಗಿರಬೇಕು. ಅಂಗಡಿಗೆ ಕೊಡುವ ಪ್ರೋಗ್ರಾಂಗೆ ನಾನು ಇನ್ನೂ ಆ ಧೈರ್ಯ ಮಾಡಿಲ್ಲ.

ಬೇರೆ ಪ್ರೊಸೆಸ್: ಎರಡನೇ ಒರಳು

ರುಬ್ಬುವ ಕೆಲಸ ಪೈಥಾನ್‌ನಲ್ಲೇ ಇದ್ದರೆ ಕೊನೆಗೆ ಬರಬೇಕಾದದ್ದು ಇಲ್ಲಿಗೇ: ಬೇರೆಯದೇ ಪ್ರೋಗ್ರಾಂ ಆಗಿ ಓಡುವ ಪ್ರೊಸೆಸ್ಸುಗಳಿಗೆ. ಪ್ರೊಸೆಸ್‌ಪೂಲ್‌ಎಕ್ಸಿಕ್ಯೂಟರ್ ಹಾಕಿದರೆ ಪ್ರತಿ ಪ್ರೊಸೆಸ್ಸಿಗೂ ತನ್ನದೇ ಪೈಥಾನ್, ತನ್ನದೇ ಬೀಗ. ಎಂಟು ಕೋರ್ ಇದ್ದರೆ ಏಳು ದುಡಿಯಲಿ, ಒಂದನ್ನು ವಿಂಡೋಗೆ ಬಿಡಿ. ಟೇಬಲ್ ಬೆಣ್ಣೆಯಂತೆ ಜಾರತೊಡಗಿತು. ಕೆಲಸವೂ ಬೇಗ ಮುಗಿಯಿತು.

ಇದಕ್ಕೆ ತೆರಬೇಕಾದ ಬೆಲೆ ಇದೆ. ವಿಂಡೋಸ್‌ನಲ್ಲಿ ಪ್ರತಿ ಪ್ರೊಸೆಸ್ ಹೊಸ ಪೈಥಾನ್ ತೆರೆದು ನಿಮ್ಮ ಮಾಡ್ಯೂಲನ್ನು ಮತ್ತೆ ಇಂಪೋರ್ಟ್ ಮಾಡುತ್ತದೆ. ಐದು ಫೈಲಿಗೆ ಇಷ್ಟೆಲ್ಲ ಯಾಕೆ? ಕೊಡುವ, ತರುವ ಡೇಟಾ ಎಲ್ಲವೂ ಪಿಕಲ್ ಆಗಬೇಕು, ಅಂದರೆ ಬೈಟುಗಳಾಗಿ ಕಟ್ಟಿ, ಆ ಕಡೆ ಮತ್ತೆ ಬಿಚ್ಚುವಂತಿರಬೇಕು. ಹಾಗಾಗಿ ಫೈಲಿನ ಒಳಗಿರುವುದನ್ನು ಕಳಿಸಬೇಡಿ, ಫೈಲಿನ ದಾರಿಯನ್ನಷ್ಟೇ ಕಳಿಸಿ. ಓದುವುದು, ಬರೆಯುವುದು ಎಲ್ಲ ಆ ಕಡೆಯೇ ಆಗಲಿ. ಉತ್ತರವಾಗಿ ಒಂದು ಸಂಖ್ಯೆ, ತಪ್ಪಾದರೆ ಒಂದು ಸಾಲು ಬಂದರೆ ಸಾಕು. ಉತ್ತರ ಬಂದಾಗ ಕರೆಯುವ ಫಂಕ್ಷನ್ ಓಡುವುದು ಮುಖ್ಯ ಥ್ರೆಡ್‌ನಲ್ಲಲ್ಲ. ಅಲ್ಲಿಂದಲೂ ಸಿಗ್ನಲ್ ಮೂಲಕವೇ ವಿಂಡೋಗೆ ಸುದ್ದಿ ಮುಟ್ಟಿಸಬೇಕು.

ನನ್ನ ಮಾನ ಹೋದದ್ದು ಬೇರೆ ಕಡೆ. ಪೈಇನ್‌ಸ್ಟಾಲರ್‌ನಿಂದ ಇಎಕ್ಸ್‌ಇ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ದೆ. ‘ಶುರು’ ಒತ್ತಿದ ತಕ್ಷಣ ಒಂದರ ಹಿಂದೆ ಒಂದು ವಿಂಡೋ ತೆರೆಯತೊಡಗಿದವು. ಎರಡು, ನಾಲ್ಕು, ಆರು. “ಮರಿ ಹಾಕ್ತಿದೆ ಗುರು ಇದು!” ಅಂತ ಗೆಳೆಯ ನಕ್ಕ. ಕಾರಣ ಇಷ್ಟೇ: ಪ್ರತಿ ಮರಿ ಪ್ರೊಸೆಸ್ ಅದೇ ಇಎಕ್ಸ್‌ಇಯನ್ನು ಮೊದಲಿನಿಂದ ಓಡಿಸುತ್ತಿತ್ತು, ಅದು ವಿಂಡೋ ತೆರೆಯುತ್ತಿತ್ತು. ಮುಖ್ಯ ಫೈಲಿನಲ್ಲಿ ಎಲ್ಲಕ್ಕಿಂತ ಮೊದಲು ಫ್ರೀಜ್‌ಸಪೋರ್ಟ್ ಕರೆಯಬೇಕು. ಅದು, ಮತ್ತು ವಿಂಡೋ ತೆರೆಯುವ ಕೋಡ್, ಎರಡೂ ‘ಇದು ಮೇನ್ ಆಗಿದ್ದರೆ ಮಾತ್ರ’ ಅನ್ನುವ ಷರತ್ತಿನ ಒಳಗಿರಬೇಕು. ನಿಮ್ಮ ಮಷಿನ್‌ನಲ್ಲಿ ಸ್ಕ್ರಿಪ್ಟ್ ಆಗಿ ಓಡಿಸುವಾಗ ಫ್ರೀಜ್‌ಸಪೋರ್ಟ್ ಇಲ್ಲದಿದ್ದರೂ ಎಲ್ಲ ಸರಿಯಿರುತ್ತದೆ. ಅದಕ್ಕೇ ಇದು ಗಿರಾಕಿಯ ಮುಂದೆಯೇ ಹಲ್ಲು ಕಿರಿಯುವುದು.

ಹೊರಗಿನ ಪ್ರೋಗ್ರಾಂ ಓಡಿಸುವುದಾದರೆ

ಲಿಬ್ರೆಆಫೀಸ್, ಎಫ್ಎಫ್‌ಎಂಪೆಗ್ ಇಂಥವನ್ನು ಓಡಿಸಲು ಥ್ರೆಡ್ ಹಾಕುವವರನ್ನು ನೋಡಿದ್ದೇನೆ. ಬೇಕಿಲ್ಲ. ಕ್ಯೂಪ್ರೊಸೆಸ್ ಇದೆ. ಶುರು ಮಾಡಿ ಬಿಟ್ಟುಬಿಡಿ, ಮುಗಿದಾಗ ಅದೇ ಸಿಗ್ನಲ್ ಕೊಡುತ್ತದೆ. ಮಧ್ಯೆ ಅದು ಉಗುಳುವ ಸಾಲುಗಳೂ ಸಿಗ್ನಲ್ ಆಗಿಯೇ ಬರುತ್ತವೆ. ನೆಟ್‌ವರ್ಕ್ ಕೆಲಸಕ್ಕೂ ಕ್ಯೂಟಿಯದ್ದೇ ನೆಟ್‌ವರ್ಕ್ ಮ್ಯಾನೇಜರ್ ಹೀಗೇ ನಡೆಯುತ್ತದೆ. ನಿಮ್ಮ ಕೋಡ್ ಆಗಲೇ ಅಸಿಂಕ್‌ಐಓದಲ್ಲಿದ್ದರೆ ಮಾತ್ರ ಅದನ್ನು ಕ್ಯೂಟಿಯ ಲೂಪಿಗೆ ಜೋಡಿಸುವ ಲೈಬ್ರರಿ ಹುಡುಕಿ. ಇಲ್ಲದಿದ್ದರೆ ಅದರ ಗೊಡವೆ ಬೇಡ.

ಲಿಬ್ರೆಆಫೀಸ್ ಬಗ್ಗೆ ಒಂದು ಮಾತು. ಎರಡನ್ನು ಒಟ್ಟಿಗೆ ಓಡಿಸಬೇಕಾದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಪ್ರೊಫೈಲ್ ಫೋಲ್ಡರ್ ಕೊಡಿ. ಕೊಡದಿದ್ದರೆ ಎರಡನೆಯದು ತನ್ನ ಪಾಡಿಗೆ ತಾನು ಓಡುವುದಿಲ್ಲ. ಇದು ತಿಳಿಯಲು ನನಗೆ ಒಂದು ಇಡೀ ಭಾನುವಾರ ಹಿಡಿಯಿತು.

ಯಾವ ದಾರಿಯೂ ವಾಸಿ ಮಾಡದ ಹ್ಯಾಂಗ್

ಕೆಲವು ಸಲ ಹಿನ್ನೆಲೆ ಕೆಲಸದ ತಪ್ಪೇ ಇರುವುದಿಲ್ಲ. ಮೂರು ಸಾವಿರ ಸಾಲಿಗೆ ನಡೆದದ್ದು ಒಂದು ಲಕ್ಷ ಸಾಲಿಗೆ ನಡೆಯುವುದಿಲ್ಲ. ಕ್ಯೂಟೇಬಲ್‌ವಿಜೆಟ್‌ಗೆ ಪ್ರತಿ ಮನೆಗೂ ಒಂದು ವಸ್ತು ಮಾಡಿ ತುಂಬಿಸುತ್ತಾ ಹೋದರೆ, ಆ ತುಂಬಿಸುವ ಕೆಲಸ ಆಗಬೇಕಾದದ್ದೇ ಮುಖ್ಯ ಥ್ರೆಡ್‌ನಲ್ಲಿ. ಅದಕ್ಕೆ ಥ್ರೆಡ್ ಹಾಕುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಮಾಡೆಲ್ ಮತ್ತು ವ್ಯೂ ಬೇರೆ ಮಾಡಿ, ಪರದೆಗೆ ಬೇಕಾದ ಸಾಲನ್ನಷ್ಟೇ ಕೊಡಿ.

ಸಿಗ್ನಲ್ ಸುರಿಮಳೆ ಇನ್ನೊಂದು. ಪ್ರತಿ ಪ್ಯಾರಾಕ್ಕೂ ಒಂದು ಪ್ರೋಗ್ರೆಸ್ ಸಿಗ್ನಲ್ ಕಳಿಸಿದರೆ ಮುಖ್ಯ ಥ್ರೆಡ್ ಅವನ್ನು ಎತ್ತಿಡುವುದರಲ್ಲೇ ಸುಸ್ತಾಗುತ್ತದೆ. ಸೆಕೆಂಡಿಗೆ ಹತ್ತು ಸಲ ಸುದ್ದಿ ಕೊಟ್ಟರೆ ಬೇಕಾದಷ್ಟಾಯಿತು. ಪ್ರೋಗ್ರೆಸ್ ಬಾರಿಗೆ ಅದಕ್ಕಿಂತ ಜಾಸ್ತಿ ಬೇಕಿಲ್ಲ.

ನಿಲ್ಲಿಸುವುದು ಹೇಗೆ

ದಾರಿ ಆರಿಸುವಾಗ ಇದನ್ನೂ ತೂಗಿ ನೋಡಿ. ಟೈಮರ್ ತಕ್ಷಣ ನಿಲ್ಲುತ್ತದೆ. ಥ್ರೆಡ್ಡನ್ನು ಹೊರಗಿನಿಂದ ಕೊಲ್ಲಬಾರದು. ಟರ್ಮಿನೇಟ್ ಇದೆ, ಆದರೆ ಯಾವ ಲಾಕ್ ಹಿಡಿದಿತ್ತೋ, ಯಾವ ಫೈಲು ಅರ್ಧ ಬರೆದಿತ್ತೋ ಯಾರಿಗೆ ಗೊತ್ತು. ‘ನಿಲ್ಲಿಸು’ ಅಂತ ಒಂದು ಗುರುತು ಇಟ್ಟು, ಥ್ರೆಡ್ ತಾನೇ ಆಗಾಗ ನೋಡಿ ನಿಲ್ಲಬೇಕು. ಪ್ರೊಸೆಸ್ ಪೂಲ್‌ನಲ್ಲಿ ಸರದಿಯಲ್ಲಿರುವುದನ್ನು ರದ್ದು ಮಾಡಬಹುದು, ಶುರುವಾದದ್ದು ಮುಗಿಯುವವರೆಗೆ ಕಾಯಬೇಕು. ನನಗೆ ಅದೇ ಸಾಕಾಯಿತು, ಒಂದು ಫೈಲಿಗೆ ಹೆಚ್ಚೇನೂ ಹೊತ್ತು ಹಿಡಿಯುವುದಿಲ್ಲ. ಬಟನ್ ಮೇಲೆ ‘ನಿಲ್ಲಿಸುತ್ತಿದೆ, ಕೈಯಲ್ಲಿರುವ ಫೈಲು ಮುಗಿಯಲಿ’ ಅಂತ ಬರೆದೆ.

ಈಗ ಅಂಗಡಿಯಲ್ಲಿರುವ ಪ್ರೋಗ್ರಾಂ ಮೂರು ದಾರಿಗಳ ಮಿಶ್ರಣ. ಲಿಬ್ರೆಆಫೀಸ್‌ಗೆ ಕ್ಯೂಪ್ರೊಸೆಸ್, ಪರಿವರ್ತನೆಗೆ ಪ್ರೊಸೆಸ್ ಪೂಲ್, ಫೋಲ್ಡರ್ ಹುಡುಕಿ ಪಟ್ಟಿ ಮಾಡಲು ಟೈಮರ್. ನಾನಾಗಿ ಹಾಕಿದ ಥ್ರೆಡ್ ಒಂದೂ ಇಲ್ಲ. ಪ್ರತಿ ಫೈಲನ್ನೂ ಮೊದಲು ಬೇರೆ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ಒಂದೇ ಏಟಿಗೆ ಹೆಸರು ಬದಲಾಯಿಸುತ್ತೇನೆ. ಮೂಲ ಫೈಲನ್ನು ಮುಟ್ಟುವುದೇ ಇಲ್ಲ. ಹೋದ ತಿಂಗಳು ಕೆಲಸದ ಮಧ್ಯೆ ಕರೆಂಟ್ ಹೋಯಿತಂತೆ. ಬಂದ ಮೇಲೆ ಆ ಹುಡುಗಿ ಮತ್ತೆ ‘ಶುರು’ ಒತ್ತಿದಳು. ಮುಗಿದ ಫೈಲುಗಳನ್ನು ಬಿಟ್ಟು ಉಳಿದವುಗಳಿಂದ ಮುಂದುವರಿಯಿತು. ಗೆಳೆಯ ಫೋನ್ ಮಾಡಿದ್ದು ಮಾತ್ರ ಬೇರೆಯದಕ್ಕೆ: ಪ್ರೋಗ್ರೆಸ್ ಬಾರ್ ಹಸಿರು ಬಣ್ಣ ಚೆನ್ನಾಗಿಲ್ಲ, ಬದಲಾಯಿಸಿಕೊಡು ಅಂತ.